ಫೋನಿಗೆ ಹಾಕಿದ ಬೀಗ

ಆನಂದಪ್ಪನವರ ಮನೆಗೆ ಫೋನು ಬಂದ ವರ್ಷವೇ ಆ ಫೋನಿಗೊಂದು ಬೀಗವೂ ಬಂತು. ಅದು ತೊಂಬತ್ತಾರನೇ ಇಸವಿ. ಯುಗಾದಿಯ ಮುಂದೆ ಫೋನು ಬಂದಿತ್ತು. ಮುಂಗಾರು ಹಿಡಿಯುವ ಹೊತ್ತಿಗೆ ಬೀದಿಯ ಅರ್ಧ ಜನ ಅವರ ಪಡಸಾಲೆಯಲ್ಲಿ ಕೂತು ಹುಬ್ಬಳ್ಳಿ, ಹರಿಹರ ಅಂತ ಊರೂರಿಗೆ ಮಾತಾಡುವುದು ರೂಢಿಯಾಗಿತ್ತು. ಬೇಡ ಅನ್ನಲು ಆನಂದಪ್ಪನವರಿಗೆ ನಾಲಿಗೆ ಏಳದು. ಶಿಕಾರಿಪುರದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡವರು. ಮನೆಗೆ ಬಂದವರೆಲ್ಲ ಅಂಗಡಿಗೂ ಬರುವವರೇ. ಕೊನೆಗೆ ದಾವಣಗೆರೆಗೆ ಹೋದಾಗ ಒಂದು ಎಸ್‌ಟಿಡಿ ಲಾಕ್ ತಂದರು.

ಸೋಪಿನ ಡಬ್ಬಿಯಷ್ಟು ದೊಡ್ಡದು, ಮೇಲೊಂದು ಕೆಂಪು ದೀಪ, ಬೀಗ ಬಿದ್ದಿದ್ದರೆ ಉರಿಯುತ್ತಿತ್ತು. ಗೋಡೆಯಿಂದ ಬಂದ ತಂತಿ ಆ ಡಬ್ಬಿಯೊಳಗೆ ಹೋಗಿ, ಅಲ್ಲಿಂದ ಇನ್ನೊಂದು ತಂತಿ ಫೋನಿಗೆ ಬರುತ್ತಿತ್ತು. ಗುಟ್ಟಿನ ನಂಬರು ಒತ್ತದಿದ್ದರೆ ಪರಊರಿಗೆ ಫೋನು ಹೋಗದು.

"ಇನ್ನು ಮನೆ ಫೋನು ಮನೆಯೋರಿಗೆ," ಎಂದರು ಆನಂದಪ್ಪ. ನಂಬರನ್ನು ಹೆಂಡತಿ ವನಜಮ್ಮನಿಗೆ ಮಾತ್ರ ಹೇಳಿಕೊಟ್ಟರು. ಮಗ ಚನ್ನೇಶ್ ಕೇಳಲಿಲ್ಲ. ಮಗಳು ಶಶಿಕಲಾಗೂ ಸೊಸೆ ವಾಣಿಶ್ರೀಗೂ ಯಾರೂ ಹೇಳಲಿಲ್ಲ. ಉಗ್ರಾಣದ ಬೀಗದ ಕೈ ಸೊಂಟದಲ್ಲಿ ಇರುವಂತೆ ಈ ನಂಬರು ತನ್ನ ತಲೆಯಲ್ಲಿ ಇರುವುದು ವನಜಮ್ಮನಿಗೆ ಹಿತವಾಗಿತ್ತು.

ಆದರೆ ಡಬ್ಬಿ ನೆಚ್ಚುವಂಥದ್ದಾಗಿರಲಿಲ್ಲ. ಮಳೆ ಜೋರಾದ ಮೇಲಂತೂ ಅದಕ್ಕೆ ದಿನಕ್ಕೊಂದು ರೋಗ. ಹೊರಗಿನಿಂದ ಫೋನು ಬಂದರೆ ಒಂದು ಸಲ ಗಂಟೆ ಬಡಿದು ಸುಮ್ಮನಾಗುವುದು. ಕೆಲವು ದಿನ ದೀಪ ತಾನಾಗಿ ಆರಿಹೋಗಿ, ನಂಬರು ಒತ್ತದೆಯೂ ಪರಊರಿಗೆ ಫೋನು ಹೋಗಿಬಿಡುವುದು. ಅಂಗಡಿಯಿಂದ ಬಂದ ಚನ್ನೇಶ್ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಕೂರುತ್ತಿದ್ದ. ಡಬ್ಬಿಯಿಂದ ಫೋನಿಗೆ ಹೋಗುವ ತಂತಿ ಬದಲಾಯಿಸಿದ, ಗೋಡೆಯ ಪ್ಲಗ್ಗು ಬಿಚ್ಚಿ ಒರೆಸಿದ. ಎರಡು ದಿನ ಸರಿ ಇದ್ದು ಮತ್ತೆ ಅದೇ ಕಥೆ.

"ಲೈನ್‌ಮನ್‌ಗೆ ಹೇಳಾನೇನು ಅಪ್ಪಾಜಿ?" ಎಂದು ಅವನು ಕೇಳಿದರೆ ಆನಂದಪ್ಪನವರಿಗಿಂತ ಮೊದಲು ವನಜಮ್ಮನೇ ಉತ್ತರ ಕೊಡುತ್ತಿದ್ದಳು. "ಎದಕ್ಕಪ್ಪ? ಮಳೆ ನಿಂತ ಮ್ಯಾಲೆ ತಾನೇ ಸರಿ ಹೋಗ್ತದೆ ಬಿಡು."

ಹಾಗೆ ಹೇಳಲು ಅವಳಿಗೊಂದು ಕಾರಣವಿತ್ತು. ಶ್ರಾವಣದಲ್ಲಿ ಒಂದು ದಿನ, ಸೊರಬದಲ್ಲಿದ್ದ ತನ್ನ ಅಕ್ಕ ಲೋಕಮ್ಮನಿಗೆ ಫೋನು ಮಾಡೋಣವೆಂದು ರಿಸೀವರ್ ಎತ್ತಿದಾಗ ಕಿವಿಯಲ್ಲಿ ಬೇರೆ ಯಾರದೋ ಮಾತು ಬಿತ್ತು. ದನಿ ಗುರುತು ಸಿಕ್ಕಲು ತಡವಾಗಲಿಲ್ಲ. ಹಿಂದಿನ ಬೀದಿಯ ಬಟ್ಟೆ ಅಂಗಡಿ ಹೂವಪ್ಪನವರ ಹೆಂಡತಿ ಗುತ್ಯಮ್ಮ. ತನ್ನ ತಂಗಿಯ ಹತ್ತಿರ ಕಿರಿ ಸೊಸೆಯನ್ನು ದೂರುತ್ತಿದ್ದಳು. ಆ ಹುಡುಗಿಯ ಅಪ್ಪ ಕುಡಿಯುತ್ತಾನಂತೆ, ಅದನ್ನು ಮುಚ್ಚಿಟ್ಟು ಮದುವೆ ಮಾಡಿದರಂತೆ. ವನಜಮ್ಮ ರಿಸೀವರ್ ಕೆಳಗಿಡಬೇಕಿತ್ತು. ಇಡಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಕೊನೆಯ ತನಕ ಕೇಳಿದಳು.

ಅಲ್ಲಿಂದ ಅದೊಂದು ಚಟವೇ ಆಯಿತು. ಗಂಡಸರು ಅಂಗಡಿಗೆ ಹೋಗಿ, ಶಶಿಕಲಾ ಟೈಪಿಂಗ್ ಕ್ಲಾಸಿಗೆ ಹೊರಟು, ವಾಣಿಶ್ರೀ ಹಿತ್ತಲಲ್ಲಿ ಬಟ್ಟೆಗೆ ಕೂತಳೆಂದರೆ, ವನಜಮ್ಮ ಬೀನ್ಸು ಬಿಡಿಸುವ ಮೊರ ತಂದು ಫೋನಿನ ಬಳಿ ಮಣೆ ಹಾಕಿಕೊಳ್ಳುತ್ತಿದ್ದಳು. ಎಲ್ಲ ದಿನವೂ ಕೇಳುತ್ತಿರಲಿಲ್ಲ. ಕೇಳಿದ ದಿನ ಅಡುಗೆಗೆ ಬೇರೆಯೇ ರುಚಿ. ಹೂವಪ್ಪನವರ ಮನೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾವ ಮಗ ಬೇರೆ ಹೋಗುತ್ತೇನೆ ಅಂದಿದ್ದಾನೆ, ಎಲ್ಲ ಅವಳಿಗೆ ಅಂಗೈ ಗೆರೆ. ಒಮ್ಮೆ ಹೀಗೆ ಕಿವಿಗೆ ಹಚ್ಚಿಕೊಂಡು ಕೂತಿದ್ದಾಗ ವಾಣಿಶ್ರೀ ಒಣಗಿದ ಸೀರೆಗಳನ್ನು ಹೊತ್ತು ಒಳಗೆ ಬಂದಳು. ವನಜಮ್ಮ ತಟ್ಟನೆ ರಿಸೀವರ್ ಇಟ್ಟು, "ಲೋಕಮ್ಮಂದು ಬರ್ತದೆ ಅಂತ ನೋಡ್ತಿದ್ದೆ," ಎಂದಳು. ಸೊಸೆ ಸೀರೆ ಮಡಚಲು ಹೋದಳು.

ಅದೇ ಹೊತ್ತಿಗೆ ಶಶಿಕಲಾಗೆ ಸೊರಬದಿಂದ ಒಂದು ಸಂಬಂಧ ಬಂದಿತ್ತು. ಲೋಕಮ್ಮನೇ ಹುಡುಕಿದ್ದು. ಹುಡುಗ ಹೈಸ್ಕೂಲು ಮೇಷ್ಟ್ರು, ಮಾತು ಮೆತ್ತಗೆ. ನೋಡಿಕೊಂಡು ಹೋದರು, ಒಪ್ಪಿಗೆಯಾಯಿತು. ಉಳಿದದ್ದು ಒಂದೇ ಅಳುಕು. ಶಶಿಕಲಾಳ ಎಡಗಾಲಿನ ಹರಡಿನ ಗಂಟಿನ ಮೇಲೆ ವೀಳ್ಯದೆಲೆಯಷ್ಟು ಅಗಲದ ಬಿಳಿ ಮಚ್ಚೆಯಿತ್ತು. ಶಿವಮೊಗ್ಗದ ಡಾಕ್ಟರು ಮುಲಾಮು ಕೊಟ್ಟಿದ್ದರು, ಹೆದರುವಂಥದ್ದಲ್ಲ ಅಂದಿದ್ದರು. ಮನೆಯವರಿಗೆ ಬಿಟ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ವನಜಮ್ಮ ಗುಟ್ಟಿನ ನಂಬರು ಒತ್ತಿ ಅಕ್ಕನಿಗೆ ಫೋನು ಮಾಡಿದಳು. "ಅವರಿಗೆ ಹೇಳೋದು ಬ್ಯಾಡಕ್ಕ. ಸೀರೆ ಉಟ್ಟರೆ ಕಾಣ್ಸಲ್ಲ. ತಾಳಿ ಬಿದ್ದ ಮ್ಯಾಲೆ ನೋಡ್ಕಂಡ್ರಾತು."

"ಹಂಗಂತೀಯಾ?" ಎಂದು ಲೋಕಮ್ಮ ಅನುಮಾನಿಸಿದಳು.

"ಈಗ ಹೇಳಿದ್ರೆ ತೊನ್ನು ಅಂತ ಊರೆಲ್ಲ ಸಾರ್ತಾರೆ. ನೀನು ಬಾಯಿ ಬಿಡಬ್ಯಾಡ."

ವಾರ ಒಪ್ಪತ್ತಿನಲ್ಲಿ ಲೋಕಮ್ಮನ ಫೋನು ಬಂತು. ಒಂದೆರಡು ಸಲ ಗಂಟೆ ಬಡಿದು ಕಡಿದುಹೋಗಿ, ಕೊನೆಗೊಮ್ಮೆ ಲೈನು ಸಿಕ್ಕಿತು. ಸೊರಬದವರು ಕಾಲಿನ ವಿಷಯ ತಿಳಿದು ಸಂಬಂಧ ಬೇಡ ಅಂದಿದ್ದರು. "ಮಚ್ಚೆ ದೊಡ್ಡ ಮಾತಲ್ಲ ಅಂತಾರೆ ವನಜಾ, ಮುಚ್ಚಿಟ್ಟಿದ್ದು ದೊಡ್ಡದು ಅಂತಾರೆ. ನನ್ನ ಮುಖಕ್ಕೂ ಮಸಿ ಆತು," ಎಂದು ಅಕ್ಕ ಫೋನಿಟ್ಟಳು.

ಮಧ್ಯಾಹ್ನ ಗಂಡಸರು ಊಟಕ್ಕೆ ಕೂತಾಗ ವನಜಮ್ಮ ಅವರ ಎದುರಿಗೇ ಬಂದು ನಿಂತಳು. ವಾಣಿಶ್ರೀ ರೊಟ್ಟಿ ಬಡಿಸುತ್ತಿದ್ದಳು. ಶಶಿಕಲಾ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

"ಮನೆಯೊಳಗಿನ ಮಾತು ಹೊರಗೆ ಹೆಂಗೆ ಹೋತು ಅಂತ ಕೇಳ್ರಿ," ಎಂದಳು ಗಂಡನಿಗೆ.

"ಯಾರನ್ನ ಕೇಳಲಿ?" ಎಂದರು ಆನಂದಪ್ಪ.

"ಆ ಕಡೆ ಯಾರ ಬಳಗ ಐತೆ ಈ ಮನೆಯೊಳಗೆ?"

ವಾಣಿಶ್ರೀಯ ತವರು ಸೊರಬ ತಾಲೂಕಿನ ಕುಬಟೂರು. ಪಕ್ಕದ ಆನವಟ್ಟಿಯಲ್ಲಿ ಅವಳ ಸೋದರಮಾವನ ಕಿರಾಣಿ ಅಂಗಡಿ, ಅಲ್ಲಿ ಫೋನೂ ಇತ್ತು. ಅವಳ ಕೈಯ ರೊಟ್ಟಿ ಕೈಯಲ್ಲೇ ನಿಂತಿತು.

"ಅವಳಿಗೆ ಲಾಕಿನ ನಂಬರೇ ಗೊತ್ತಿಲ್ಲವ್ವ," ಎಂದ ಚನ್ನೇಶ್.

"ಡಬ್ಬಿ ಕೆಟ್ಟು ಕೂತೈತೆ ಅಂತ ನೀನೇ ಅಲ್ಲೇನು ದಿನಾ ಬಿಚ್ಚಿ ನೋಡೋದು? ದೀಪ ಆರಿದಾಗ ಯಾರು ಬೇಕಾದ್ರೂ ಎಲ್ಲಿಗೆ ಬೇಕಾದ್ರೂ ಮಾಡಬಹುದು."

ಚನ್ನೇಶ್ ತಟ್ಟೆ ನೋಡಿದ. ಹಿಂದಿನ ದಿನ ತಾನೇ ನಂಬರು ಒತ್ತದೆ ಹರಿಹರದ ಏಜೆಂಟರಿಗೆ ಮಾತಾಡಿದ್ದ.

"ಅತ್ತೆ," ಎಂದಳು ವಾಣಿಶ್ರೀ, ವನಜಮ್ಮನ ಮುಖವನ್ನೇ ನೋಡುತ್ತ, "ನಾನೇ ಹೇಳಿದೀನಿ ಅಂತ ನಿಮಗೆ ಖರೇನೇ ಅನ್ಸ್ತದಾ?"

"ಮತ್ತ್ಯಾರು? ಗೋಡೆ ಹೇಳ್ತೇನು?"

ವಾಣಿಶ್ರೀ ಗಂಡನ ಕಡೆ ನೋಡಿದಳು, ಮಾವನ ಕಡೆ ನೋಡಿದಳು. ಇಬ್ಬರೂ ಉಣ್ಣುತ್ತಿದ್ದರು. ಬಡಿಸುವುದನ್ನು ಮುಗಿಸಿ, ಪಾತ್ರೆ ತೊಳೆದು, ಒಲೆಗಟ್ಟೆ ಸಾರಿಸಿ ತನ್ನ ಕೋಣೆಗೆ ಹೋದಳು. ಮಾರನೆ ದಿನ ಬೆಳಗಿನ ಬಸ್ಸಿಗೆ ಕುಬಟೂರಿಗೆ ಹೊರಟಳು. ಯಾರೂ ತಡೆಯಲಿಲ್ಲ.

ಮನೆ ಅಡ್ಡಾದಿಡ್ಡಿಯಾಯಿತು. ಶಶಿಕಲಾ ಮಾಡಿದ ರೊಟ್ಟಿ ಹರಿಯುತ್ತಿತ್ತು. ಆನಂದಪ್ಪನವರ ಪಂಚೆ ಒಗೆದರೂ ಮಡಿಕೆ ಕಾಣದು. ಚನ್ನೇಶ್ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲೇ ತಿಂಡಿ ಮುಗಿಸತೊಡಗಿದ. ಶಶಿಕಲಾ ಅವ್ವನ ಹತ್ತಿರ ಬೇಕಾದಷ್ಟೇ ಮಾತಾಡುವಳು. "ಉಪ್ಪು ಎಷ್ಟು?" "ಹಾಲು ಕಾಯಿಸಲಾ?" ಅಷ್ಟೇ.

ಸೊಸೆ ಹೋಗಿ ಎರಡು ದಿನ ಕಳೆದಿರಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ವನಜಮ್ಮನ ಕೈ ತಾನಾಗಿ ರಿಸೀವರಿಗೆ ಹೋಯಿತು. ಗುತ್ಯಮ್ಮ ಮಾತಾಡುತ್ತಿದ್ದಳು.

"ಸೊಸೇನ ಕಳಿಸಿಬಿಟ್ಟಾರೆ ಅಂತ ಕಣೆ. ಪಾಪ, ಅದೇನು ಮಾಡಿತ್ತು? ಇವಳೇ ಫೋನಿನಾಗೆ ಅಕ್ಕನ ಹತ್ರ ಅಂದಿದ್ದು ನಾನು ಕಿವಿಯಾರೆ ಕೇಳೇನಿ. ಸೀರೆ ಉಟ್ಟರೆ ಕಾಣ್ಸಲ್ಲ ಅಂತ."

ಕಾದ ಹಂಚು ಮುಟ್ಟಿದವಳ ಹಾಗೆ ವನಜಮ್ಮ ರಿಸೀವರ್ ಕೆಳಗಿಟ್ಟಳು. ಇಷ್ಟು ದಿನ ಅವಳಿಗೆ ಅದು ಹೊಳೆದೇ ಇರಲಿಲ್ಲ. ನಲ್ಲಿಯ ನೀರು ಒಂದೇ ಕಡೆ ಹರಿದಂತೆ ಆ ಮನೆಯ ಮಾತು ಈ ಮನೆಗೆ ಬರುತ್ತದೆ ಅಂದುಕೊಂಡಿದ್ದಳೇ ಹೊರತು, ಈ ಮನೆಯದೂ ಅಲ್ಲಿಗೆ ಹೋಗುತ್ತದೆ ಅನ್ನುವುದು ತಲೆಗೆ ಬಂದಿರಲಿಲ್ಲ. ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು.

ಸಂಜೆ ಗಂಡ ಬಂದಾಗ ಹೇಳಬೇಕು ಅಂದುಕೊಂಡಳು. ಚಹಾ ಕೊಟ್ಟಳು, ಹೇಳಲಿಲ್ಲ. ಹೇಳಿದರೆ, ನಿನಗೆ ಹೆಂಗೆ ಗೊತ್ತಾಯಿತು ಅಂತ ಕೇಳುತ್ತಾರೆ. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಫೋನಿನ ಹತ್ತಿರ ಮಾತ್ರ ಸುಳಿಯುವುದನ್ನು ಬಿಟ್ಟಳು.

ಚನ್ನೇಶ್ ಮಾತ್ರ ಡಬ್ಬಿಯನ್ನು ಬಿಡಲಿಲ್ಲ. ದಿನಾ ಸಂಜೆ ಪಡಸಾಲೆಯಲ್ಲಿ ಪೇಪರ್ ಹಾಸಿ ಅದನ್ನು ಬಿಚ್ಚಿ ಹರವಿಕೊಳ್ಳುತ್ತಿದ್ದ. ಡಬ್ಬಿ ಸರಿಯಿದೆ ಅಂತ ತೋರಿಸಿಬಿಟ್ಟರೆ ವಾಣಿಶ್ರೀ ಫೋನು ಮಾಡಿರಲಿಕ್ಕಿಲ್ಲ ಅಂತ ತೋರಿಸಿದ ಹಾಗೆ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ದೀಪ ಹತ್ತಿಸಿ ಪರಊರಿನ ನಂಬರು ಒತ್ತಿ ನೋಡುವನು. ಒಮ್ಮೆ ಹೋಗುತ್ತಿರಲಿಲ್ಲ, ಅವನ ಮುಖ ಅರಳುವುದು. ಇನ್ನೊಮ್ಮೆ ಹೋಗಿಬಿಡುವುದು, ಮುಖ ಇಳಿಯುವುದು. ವನಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವಳು. ಮಗ ಹುಡುಕುತ್ತಿರುವುದು ತನ್ನ ಬಾಯೊಳಗೇ ಇದೆ. ಅವಳಿಂದ ಬಾಯಿ ತೆಗೆಯಲಾಗಲಿಲ್ಲ.

"ಬಿಡೋ ಅದನ್ನ, ಕಣ್ಣು ಹೋಗ್ತವೆ," ಎಂದಳೊಮ್ಮೆ.

"ನಂಗೆ ಬೇರೆ ಏನು ಕೆಲಸ ಐತೆ ಮನೆಯಾಗೆ?" ಎಂದ ಅವನು, ತಲೆ ಎತ್ತದೆ.

ದಸರೆ ಕಳೆದು ಬಂದ ಭಾನುವಾರ ಅವನು ಡಬ್ಬಿಯನ್ನೇ ಕಿತ್ತು ಬದಿಗಿಟ್ಟು, ಗೋಡೆಯ ತಂತಿಯನ್ನು ನೇರ ಫೋನಿಗೆ ಸೇರಿಸಿದ. ಆನಂದಪ್ಪನವರು ಪೇಪರ್ ಓದುತ್ತ ಅಲ್ಲೇ ಕೂತಿದ್ದರು. ರಿಸೀವರ್ ಎತ್ತಿದವನು ಹುಬ್ಬು ಗಂಟಿಕ್ಕಿದ.

"ಹಲೋ, ಯಾರು ಮಾತಾಡೋದು?" ಎಂದ. ಆಮೇಲೆ, "ನಾನು ಆನಂದಪ್ಪನೋರ ಮಗ ಚನ್ನೇಶ್. ಗುತ್ಯಮ್ಮಾರಾ? ನೀವು ಹೆಂಗೆ ಈ ಲೈನಿಗೆ ಬಂದ್ರಿ?"

ಆ ಕಡೆಯ ಮಾತು ಪಡಸಾಲೆಗೆ ಕೇಳಿಸುತ್ತಿರಲಿಲ್ಲ. ಚನ್ನೇಶನ ಮುಖ ಮಾತ್ರ ಬಣ್ಣ ಬದಲಾಯಿಸುತ್ತಿತ್ತು. "ಯಾವಾಗಿಂದ?" ಎಂದ. "ನಮ್ಮದು ನಿಮಗೆ ಕೇಳ್ತದಾ?" ಎಂದ. ಆಮೇಲೆ ರಿಸೀವರ್ ಇಟ್ಟ.

"ಅಪ್ಪಾಜಿ, ಎರಡು ಲೈನು ಎಲ್ಲೋ ತಾಗ್ಯಾವೆ. ಮಳೆಗಾಲದಿಂದ ನಮ್ಮ ಮಾತು ಅವರಿಗೆ ಕೇಳ್ತಾ ಐತಂತೆ. ನಾವು ಕೇಳಿದ್ರೂ ಇಟ್ಟುಬಿಡ್ತಿದ್ವಿ ಕಣಪ್ಪ ಅಂತಾರೆ."

ಆನಂದಪ್ಪನವರು ಪೇಪರ್ ಮಡಚಿದರು. "ಗುತ್ಯಮ್ಮನ ತಂಗೀನ ಸೊರಬಕ್ಕೇ ಅಲ್ಲೇನು ಕೊಟ್ಟಿದ್ದು?" ಎಂದು ಕೇಳಿ, ತಾವೇ ತಲೆದೂಗಿದರು.

ಮರುದಿನ ಲೈನ್‌ಮನ್ ಬಂದು ಹಿಂದಿನ ಬೀದಿಯ ಕಂಬ ಹತ್ತಿದ. ಮೇಲಿನ ಹೊದಿಕೆ ಕಿತ್ತುಹೋಗಿ ಎರಡು ಮನೆಯ ತಂತಿಗಳು ಒಂದಕ್ಕೊಂದು ತಗಲಿಕೊಂಡಿದ್ದವು. ಬಿಡಿಸಿ ಟೇಪು ಸುತ್ತಿ ಇಳಿದ. ಡಬ್ಬಿಯನ್ನು ಮತ್ತೆ ಹಾಕಿ ನೋಡಿದರೆ ಅದು ಚೊಕ್ಕವಾಗಿ ಕೆಲಸ ಮಾಡಿತು. "ಡಬ್ಬಿದೇನೂ ತಪ್ಪಿಲ್ರಿ, ಲೈನು ತಾಗಿದ್ದಕ್ಕೆ ಅದಕ್ಕೆ ತಲೆ ಕೆಟ್ಟಿತ್ತು," ಎಂದು ಹೇಳಿ, "ನಿಮಗ್ಯಾರಿಗೂ ಬೇರೆ ದನಿ ಕೇಳ್ಲಿಲ್ವಾ ಇಷ್ಟು ದಿನ?" ಎಂದು ಸುಮ್ಮನೆ ಕೇಳಿದ.

"ಇಲ್ಲಪ್ಪ," ಎಂದಳು ವನಜಮ್ಮ.

ಅವನು ಹೋದ ಮೇಲೆ ಆನಂದಪ್ಪನವರು ಹೆಂಡತಿಗೆ ಸಮಾಧಾನ ಹೇಳಿದರು. "ಹೋಗ್ಲಿ ಬಿಡು. ತಂತಿ ತಾಗಿದ್ದು ನಿನಗೇನು ಗೊತ್ತು? ಸಿಟ್ಟಿನಾಗೆ ಒಂದು ಮಾತು ಬಂತು. ನೀನೇ ಹೋಗಿ ಆ ಹುಡುಗೀನ ಕರ್ಕಂಡು ಬಾ. ಹಿರೇಳು ನೀನು, ನೀನು ಹೋದ್ರೆ ಅವರಿಗೂ ಗೌರವ."

ಯಾರೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ತಡೆಯದಾಯಿತು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ, ಆನವಟ್ಟಿಯಲ್ಲಿ ಇಳಿದು, ಕುಬಟೂರಿಗೆ ಹೋಗುವ ಟೆಂಪೊ ಹಿಡಿದಳು. ಬೀಗಿತಿ ವೀರಮ್ಮ ಕಾಲಿಗೆ ನೀರು ಕೊಟ್ಟು, ಮಂಡಕ್ಕಿ ಒಗ್ಗರಣೆ ಹಾಕಿ, ಚಹಾ ಕಾಸಿದಳು. ಮಗಳು ಯಾಕೆ ಬಂದಳು ಅಂತ ಒಂದು ಮಾತೂ ಎತ್ತಲಿಲ್ಲ. "ಹಿತ್ತಲಾಗೆ ಅವಳೆ, ಮಾತಾಡ್ಸಿ ಹೋಗ್ರಿ," ಎಂದಳು ಅಷ್ಟೇ.

ವಾಣಿಶ್ರೀ ಹಿತ್ತಲಿನಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತು, ಒಂದು ಗೋಣಿಚೀಲ ಹಾಸಿದಳು. ವನಜಮ್ಮ ಕೂತು ತಂತಿಯ ಕಥೆ ಹೇಳಿದಳು. ಕಂಬ, ಟೇಪು, ಗುತ್ಯಮ್ಮನ ತಂಗಿ, ಎಲ್ಲ.

"ನಮಗೇನು ಗೊತ್ತಿತ್ತು ಹೇಳು ತಾಯಿ. ತಂತಿ ತಾಗಿದ್ದು ಕಣ್ಣಿಗೆ ಕಾಣ್ತದಾ?" ಎಂದಳು ಕೊನೆಗೆ.

ವಾಣಿಶ್ರೀ ಕೈಯ ತೆನೆ ಕೆಳಗಿಟ್ಟಳು. "ಅತ್ತೆ, ನೀವು ಮೊರ ಇಟ್ಕಂಡು ಫೋನಿನ ಹತ್ರ ಕೂಡ್ತಿದ್ರಿ. ಒಂದಿನ ಅಲ್ಲ, ಬಾಳ ದಿನ ನೋಡೇನಿ. ನೀವು ಇಟ್ಟು ಹೋದ ಮ್ಯಾಲೆ ನಾನೂ ಒಮ್ಮೆ ಎತ್ತಿ ನೋಡಿದೆ. ಗುತ್ಯಮ್ಮಾರು ಮಾತಾಡ್ತಿದ್ರು. ಇಟ್ಟುಬಿಟ್ಟೆ."

ವನಜಮ್ಮ ಸೊಸೆಯ ಕಡೆ ತಿರುಗಿದಳು. "ಮತ್ತೆ ಅವತ್ತು ಯಾಕೆ ಸುಮ್ಮನಿದ್ದಿ?"

"ಊಟಕ್ಕೆ ಕೂತಿದ್ರು ಮಾವಾರು, ಇವರು. ಅವರ ಮುಂದೆ ನಿಮ್ಮನ್ನ ಏನಂತ ಹೇಳಲಿ? ನೀವೇ ಹೇಳ್ತೀರಿ ಅಂತ ನಿಮ್ಮ ಮುಖ ನೋಡಿದೆ." ದನಿ ಏರಲಿಲ್ಲ, ಆದರೆ ಒಂದು ಕಡೆ ಒಡೆಯಿತು. "ಅವತ್ತು ಹೇಳಲಿಲ್ಲ, ಇರಲಿ. ಇಷ್ಟು ದಿನದಾಗೆ ಒಂದು ದಿನನೂ ನಿಮಗೆ ಅನ್ನಿಸಲಿಲ್ವಾ?"

ವನಜಮ್ಮ ಒಂದು ತೆನೆ ಎತ್ತಿಕೊಂಡು ಬಿಡಿಸಲು ನೋಡಿದಳು. ಕಾಳು ಬಿಡಲಿಲ್ಲ. "ಅನ್ನಿಸ್ತು," ಎಂದಳು. "ದಿನಾ ಅನ್ನಿಸ್ತು. ಗುತ್ಯಮ್ಮ ಅಂದಿದ್ದು ನಾನೇ ಕೇಳಿದ್ದೆ, ನೀನು ಇಲ್ಲಿಗೆ ಬಂದ ಎರಡು ದಿನಕ್ಕೇ. ಬಾಯಿ ಬರಲಿಲ್ಲ. ತಪ್ಪಾತು ನಂದು."

ಒಳಗೆ ವೀರಮ್ಮ ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು.

"ಬರ್ತೀನತ್ತೆ," ಎಂದಳು ವಾಣಿಶ್ರೀ. "ಆದ್ರೆ ನನ್ನ ಹತ್ರ ಹೇಳಿದ್ದು ಸಾಲದು. ಅವತ್ತು ಎಲ್ಲಾರ ಮುಂದೆ ಅಂದ್ರಿ. ಎಲ್ಲಾರ ಮುಂದೇ ಹೇಳ್ರಿ."

ಸಂಜೆ ಬಸ್ಸಿಗೆ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ವನಜಮ್ಮ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಮಳೆಗೆ ಲೈನು ಕೆಟ್ಟಿತ್ತು, ಅಕಸ್ಮಾತ್ ಕೇಳಿತು, ಹೀಗೆ. ಮನೆ ಸೇರಿ ಊಟಕ್ಕೆ ಕೂತಾಗ ಜೋಡಿಸಿದ್ದೊಂದೂ ನೆನಪಿಗೆ ಬರಲಿಲ್ಲ.

"ತಂತಿ ತಾಗಿದ್ದು ನನಗೆ ಗೊತ್ತಿತ್ತು," ಎಂದಳು. "ಶ್ರಾವಣದಿಂದ ದಿನಾ ಗುತ್ಯಮ್ಮನ ಮನೆ ಮಾತು ಕದ್ದು ಕೇಳ್ತಿದ್ದೆ. ಅದಕ್ಕೇ ಲೈನ್‌ಮನ್ ಬ್ಯಾಡ ಅಂದಿದ್ದು. ನಮ್ಮದೂ ಅಲ್ಲಿಗೆ ಹೋಗ್ತದೆ ಅಂತ ತಿಳಿದ ಮ್ಯಾಲೂ ಸುಮ್ಮನೆ ಕೂತೆ. ಇವಳು ಏನೂ ಮಾಡಿಲ್ಲ."

ಆನಂದಪ್ಪನವರು ಬೈದಿದ್ದರೆ ವನಜಮ್ಮನಿಗೆ ಹಗುರಾಗುತ್ತಿತ್ತು. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಮದುವೆಯಾದ ಮೇಲೆ ಅವರು ಹಾಗೆ ಅರ್ಧ ಊಟಕ್ಕೆ ಎದ್ದದ್ದು ಅದೇ ಮೊದಲು.

"ನಾನು ಡಬ್ಬಿ ಬಿಚ್ತಾ ಕೂತಿದ್ದೆ," ಎಂದ ಚನ್ನೇಶ್, ಯಾರಿಗೆ ಅಂತಿಲ್ಲದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿನ್ನನ್ನೇ ಒಂದು ಮಾತು ಕೇಳಬೇಕಿತ್ತು," ಎಂದ.

"ಕೇಳಬೇಕಿತ್ತು," ಎಂದಳು ವಾಣಿಶ್ರೀ. ಅಷ್ಟೇ ಅಂದು ಅವನಿಗೆ ಸಾರು ಬಡಿಸಿದಳು.

ಶಶಿಕಲಾ ತಲೆ ತಗ್ಗಿಸಿಕೊಂಡೇ ಇದ್ದಳು. "ಅವ್ವ, ಮಾತು ಹೊರಗೆ ಹೋತು ಅಂತ ನಂಗೆ ಅಷ್ಟು ಬ್ಯಾಸರ ಇಲ್ಲ. ಮುಚ್ಚಿಡಾನ ಅಂದ್ಯಲ್ಲ, ಅದಕ್ಕೆ. ಅವರು ಮತ್ತೆ ಬಂದಾಗ ನಾನೇ ಹೇಳಾನ ಅಂತಿದ್ದೆ. ನನ್ನ ಕಾಲು ಅದು. ನನ್ನ ಯಾರೂ ಕೇಳ್ಲೇ ಇಲ್ಲ."

ವನಜಮ್ಮನಿಗೆ ಮಗಳ ಮಾತಿನ ಮುಂದೆ ಉಳಿದದ್ದೆಲ್ಲ ಸಣ್ಣದಾಗಿ ಕಂಡಿತು.

ಮಾರನೆ ದಿನ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಹಿಂದಿನ ಬೀದಿಗೆ ಹೋದಳು. ಹೂವಪ್ಪನವರ ಮನೆಯ ಬಾಗಿಲು ತೆಗೆದವಳು ಕಿರಿ ಸೊಸೆ. ತೆಳ್ಳಗೆ, ನಗುಮುಖದ ಹುಡುಗಿ. ವನಜಮ್ಮ ಅವಳನ್ನು ಎದುರಿಗೆ ನೋಡಿದ್ದು ಒಂದೆರಡು ಸಲ. ಅವಳ ಬಗ್ಗೆ ಕೇಳದ ಮಾತು ಉಳಿದಿರಲಿಲ್ಲ.

"ಬರ್ರಿ ದೊಡ್ಡಮ್ಮ, ಕೂತ್ಕಳ್ರಿ," ಎಂದು ಆ ಹುಡುಗಿ ಚಾಪೆ ಹಾಸಿ, ಅತ್ತೆಯನ್ನು ಕರೆಯಲು ಒಳಗೆ ಹೋದಳು.

ಗುತ್ಯಮ್ಮ ಬಂದು ಎದುರಿಗೆ ಕೂತಳು. ಸೆರಗಿನ ತುದಿ ತಿರುವುತ್ತ, "ನನ್ನ ತಂಗಿ ಒಬ್ಬಳ ಹತ್ರ ಅಂದಿದ್ದು ವನಜಮ್ಮಾರೆ. ಅವಳು ಮುಂದೆ ಹೇಳ್ತಾಳೆ ಅಂತ ನನಗೆ ಗೊತ್ತಿರಲಿಲ್ಲ," ಎಂದಳು.

"ನಾನು ಜಗಳಕ್ಕೆ ಬಂದಿಲ್ರಿ," ಎಂದಳು ವನಜಮ್ಮ. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಿಮ್ಮದನ್ನ ನಾನೂ ಕೇಳೇನಿ. ಎಲ್ಲಾ ಕೇಳೇನಿ."

ಗುತ್ಯಮ್ಮನ ಬೆರಳುಗಳು ಸೆರಗಿನಲ್ಲಿ ನಿಂತುಬಿಟ್ಟವು. ಅವಳ ಕಣ್ಣೂ ಅಡುಗೆಮನೆಯ ಕಡೆ ಹೋಯಿತು. ಒಬ್ಬರನ್ನೊಬ್ಬರು ನೋಡಲಾರದೆ ಇಬ್ಬರೂ ಚಾಪೆಯ ಅಂಚು ನೋಡುತ್ತ ಕೂತರು.

ಹುಡುಗಿ ಎರಡು ಲೋಟ ಚಹಾ ತಂದು ಇಬ್ಬರ ಮುಂದೆ ಇಟ್ಟಳು. "ಸಕ್ಕರೆ ಸಾಕಾ ನೋಡ್ರಿ," ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು.

ಇಬ್ಬರೂ ಇನ್ನೂ ಲೋಟ ಮುಟ್ಟಿರಲಿಲ್ಲ. "ಚೆನ್ನಾಗೈತೆ ತಾಯಿ," ಎಂದರು ಒಟ್ಟಿಗೇ, ತಲೆ ಎತ್ತದೆ.